ಕಿವಿ ಫೋನಿನಲ್ಲಿದ್ದರೆ ಕಣ್ಣೂ ರಸ್ತೆಯಲ್ಲಿರದು

ಕುಂದಾಣದಿಂದ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೋ ದೇವನಹಳ್ಳಿಗೋ ಹೊರಡುವ ಬೈಕ್ ಸವಾರರಲ್ಲಿ ಹಲವರು ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಲೇ ಹೋಗುತ್ತಾರೆ. ‘ಕೈ ಹ್ಯಾಂಡಲ್ ಮೇಲಿದೆ, ಕಣ್ಣು ರಸ್ತೆ ಮೇಲಿದೆ, ಕಿವಿ ತಾನೇ ಫೋನಿಗೆ ಕೊಟ್ಟಿರೋದು?’ ಎನ್ನುವ ಧೈರ್ಯ ಅವರದು. ಆ ಧೈರ್ಯವನ್ನು ನಂಬಬೇಡಿ.

ಕಣ್ಣಿಗೊಂದು, ಕಿವಿಗೊಂದು ಎಂದು ಗಮನ ಪೂರ್ತಿ ಬೇರೆ ಬೇರೆ ಇರುವುದಿಲ್ಲ. ಮಾತಿನಲ್ಲಿ ಮನಸ್ಸು ಮುಳುಗಿದಷ್ಟೂ ನೋಟಕ್ಕೆ ಸಿಗುವ ಪಾಲು ಕಡಿಮೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡುತ್ತಾ ಸಿಮ್ಯುಲೇಟರಿನಲ್ಲಿ ಕಾರು ಓಡಿಸಿದವರ ಕಣ್ಣು ರಸ್ತೆಬದಿಯ ಫಲಕಗಳ ಮೇಲೆ ನೆಟ್ಟಿದ್ದು ಉಪಕರಣದಲ್ಲಿ ದಾಖಲಾಗಿತ್ತು. ಆಮೇಲೆ ಕೇಳಿದರೆ, ಸುಮ್ಮನೆ ಓಡಿಸಿದವರಷ್ಟು ಫಲಕಗಳನ್ನು ಅವರು ಗುರುತಿಸಲಿಲ್ಲ. ಕಣ್ಣು ನೋಡಿತ್ತು, ಮನಸ್ಸು ಕಂಡಿರಲಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ತೋಟದ ದಾರಿಯಿಂದ ಟ್ರ್ಯಾಕ್ಟರ್ ಅಡ್ಡ ಬರಲು ಅಷ್ಟು ಸಾಕು. ಹಿಂದೆ ಕೂತವರ ಮಾತು ಬೇರೆ. ತಿರುವು ಬಂದರೆ ಅವರೂ ನೋಡಿ ಮಾತು ನಿಲ್ಲಿಸುತ್ತಾರೆ. ಫೋನಿನಾಚೆ ಇರುವವರಿಗೆ ನಿಮ್ಮ ರಸ್ತೆ ಕಾಣುವುದೇ ಇಲ್ಲ.

ಎಷ್ಟೇ ಅರ್ಜೆಂಟಿರಲಿ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಮಾತಾಡಿ. ಮನೆಯಲ್ಲಿರುವ ಹಿರಿಯರೇ, ಮಗ ಫೋನೆತ್ತಿದಾಗ ಗಾಳಿಯ ಸದ್ದು ಕೇಳಿಸಿದರೆ ‘ಗಾಡಿ ನಿಲ್ಸಿ ಮಾಡಪ್ಪ’ ಎಂದು ನೀವೇ ಇಟ್ಟುಬಿಡಿ.