ಅರಿವೂ ಕಾಲ್ನಡಿಗೆಯೂ

ಕನ್ನಡದಲ್ಲಿ 'ನಡೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೆಜ್ಜೆಯಿಟ್ಟು ಮುಂದೆ ಸಾಗುವುದು ಒಂದು. ಬಾಳಿನ ಆಚರಣೆ ಇನ್ನೊಂದು. ಶರಣರು ನುಡಿಯನ್ನು ನಡೆಯೊಡನೆ ಇಟ್ಟು ತೂಗಿದಾಗ ಅವರ ಮನಸ್ಸಿನಲ್ಲಿದ್ದುದು ಎರಡನೆಯ ಅರ್ಥವೆಂಬುದು ಸರ್ವವಿದಿತ. ಆದರೂ ಮೊದಲನೆಯ ಅರ್ಥ ಅದರೊಳಗಿಂದ ಪೂರ್ತಿ ಅಳಿದುಹೋಗಿಲ್ಲ. ಚಲಿಸುವ ಚೈತನ್ಯಕ್ಕೆ ಜಂಗಮವೆಂದು ಹೆಸರಿಟ್ಟು, ಅದನ್ನು ಅಷ್ಟಾವರಣಗಳಲ್ಲಿ ಒಂದಾಗಿ ಪೂಜಿಸಿದ ಧರ್ಮದಲ್ಲಿ ಕಾಲ್ನಡಿಗೆಯು ಬರಿಯ ದೇಹಶ್ರಮವಾಗಿ ಉಳಿಯಲಾರದು.

ಇಲ್ಲಿ ಸದ್ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹವೇಳುವುದು ಸಹಜ. ಇಷ್ಟಲಿಂಗವು ಎದೆಯ ಮೇಲಿರುವಾಗ ದೂರದ ಕ್ಷೇತ್ರವನ್ನು ಅರಸಿ ಏತಕ್ಕೆ ನಡೆಯಬೇಕು? ತೀರ್ಥಯಾತ್ರೆಯಿಂದ ಪುಣ್ಯ ಸಂಚಯವಾಗುತ್ತದೆಂಬ ನಂಬಿಕೆಯನ್ನು ಶರಣರೇ ಖಂಡಿಸಿಲ್ಲವೆ? ಖಂಡಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಅವರು ಅಲ್ಲಗಳೆದುದು ಸ್ಥಳಕ್ಕೆ ಕಟ್ಟಿದ ಬೆಲೆಯನ್ನು. ಹಾಗಾದರೆ ಅಕ್ಕಮಹಾದೇವಿಯೂ ಅಲ್ಲಮಪ್ರಭುವೂ ನಾಡುನಾಡುಗಳನ್ನು ಕಾಲ್ನಡಿಗೆಯಿಂದ ದಾಟಿದುದರ ಅರ್ಥವೇನು ಎಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ಮಲೆನಾಡಿನ ನಡಿಗೆಯನ್ನು ನೋಡೋಣ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿಯಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ಓದಿದವರಿಗೆ ಈ ಊರಿನ ಹೆಸರು ಪರಿಚಿತ. ಅಲ್ಲಿಯ ಜನ ಬಹುಮಟ್ಟಿಗೆ ಕಾಲ್ನಡಿಗೆಯವರೇ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಬಯಲುಸೀಮೆಯ ದಾರಿಗನಿಗೆ ಮುಂದಿನ ಊರಿನ ಗುಡಿಯ ಶಿಖರವೋ ಆಲದ ಮರವೋ ದೂರದಿಂದಲೇ ಕಾಣುತ್ತದೆ. ಕಾಡಿನ ಕಾಲುದಾರಿಯಲ್ಲಿ ಹತ್ತು ಮಾರು ಮುಂದಿನದೂ ಕಾಣದು. ಉಂಬಳಗಳು ಕಾಲಿಗೆ ಹತ್ತುತ್ತವೆ, ತರಗೆಲೆಯ ಕೆಳಗೆ ದಾರಿ ಮುಚ್ಚಿಹೋಗಿರುತ್ತದೆ. ತುಂಬಿದ ಹಳ್ಳದ ಮೇಲೆ ಮರದ ದಿಮ್ಮಿಯ ಸಂಕ. ಅದನ್ನು ದಾಟುವವನು ಕೆಳಗಿನ ನೀರನ್ನು ನೋಡಿದರೆ ತಲೆ ತಿರುಗುತ್ತದೆ. ಹುಮ್ಮಸ್ಸಿನಿಂದ ಓಡಿದರೆ ಹಾವಸೆಯ ಮೇಲೆ ಕಾಲು ಜಾರುತ್ತದೆ. ರೂಢಿಯುಳ್ಳವರು ಆಚೆಯ ದಡದಲ್ಲಿ ದೃಷ್ಟಿಯಿಟ್ಟು, ಪಾದದಿಂದ ಮರವನ್ನು ತಡವುತ್ತ ಸಾಗುತ್ತಾರೆ. ಎಲ್ಲಿ ಭಾರ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನು ಅವರ ಪಾದವೇ ಹೇಳುತ್ತದೆ. ಕೇಳಿದರೆ ವಿವರಿಸಲು ಅವರಿಂದಾಗದು. ಆದರೆ ಆ ತಿಳಿವು ಹುಟ್ಟಿನಿಂದ ಬಂದುದಲ್ಲ, ಕಲ್ಪನೆಯೂ ಅಲ್ಲ. ನೂರಾರು ಸಲ ದಾಟಿ ಪಡೆದುದು.

ಅಂತರಂಗದ ಅರಿವಿನ ವಿಷಯವೂ ಹಾಗೆಯೇ. ಒಳಗಿನಿಂದ ಎದ್ದುದೆಲ್ಲ ಅರಿವಲ್ಲ. ಬಯಕೆಯೂ ಒಳಗಿನಿಂದಲೇ ಏಳುತ್ತದೆ, ಭಯವೂ ಒಳಗಿನಿಂದಲೇ ಏಳುತ್ತದೆ, ಮುನಿಸಿನ ಮಾತಂತೂ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಷಟ್‌ಸ್ಥಲದ ಕ್ರಮವನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಹುದು. ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ. ಇವು ಮೂರೂ ಆದ ಬಳಿಕವೇ ಪ್ರಾಣಲಿಂಗಿಗೆ ಅನುಭಾವ. ಅವಧಾನವನ್ನು ಅನುಭಾವಕ್ಕಿಂತ ಮೊದಲಿಟ್ಟಿರುವುದನ್ನು ಗಮನಿಸಬೇಕು. ಎಚ್ಚರದಿಂದ ಸೋಸದ ಪ್ರೇರಣೆಯನ್ನು ಶಿವನ ಪ್ರೇರಣೆಯೆಂದು ಕರೆಯಲು ಶರಣರು ಅವಕಾಶ ಕೊಟ್ಟಿಲ್ಲ.

ಅಕ್ಕನ ಬಾಳು ಇದಕ್ಕೆ ಸಾಕ್ಷಿ. ಆಕೆಯ ಊರು ಉಡುತಡಿ, ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಚೆನ್ನಮಲ್ಲಿಕಾರ್ಜುನನೇ ಪತಿಯೆಂಬ ನಿಶ್ಚಯ ಆಕೆಯಲ್ಲಿ ಬಾಲ್ಯದಿಂದಲೂ ಇತ್ತು. ಆದರೂ ಆ ನಿಶ್ಚಯದ ಮೊದಲ ಅಲೆಗೇ ಆಕೆ ಮನೆ ಬಿಡಲಿಲ್ಲ. ಹರಿಹರನ ರಗಳೆಯ ಪ್ರಕಾರ ಕೌಶಿಕನ ಅರಮನೆಗೆ ನಿಬಂಧನೆಗಳೊಡನೆ ಹೋದಳು. ಅವು ಮತ್ತೆ ಮತ್ತೆ ಮುರಿದ ಮೇಲೆಯೇ ಹೊರಟಳು. ಚಾಮರಸನು ಮದುವೆಯ ಮಾತನ್ನು ಒಪ್ಪುವುದಿಲ್ಲ; ಅದು ಬೇರೆ ಚರ್ಚೆ. ಅರಮನೆಯನ್ನು ತೊರೆದು ಒಂಟಿಯಾಗಿ ಹೊರಟಳೆಂಬುದರಲ್ಲಿ ಇಬ್ಬರೂ ಒಂದೇ.

ಉಡುತಡಿಯಿಂದ ಕಲ್ಯಾಣಕ್ಕೆ ನೇರ ಗೆರೆಯಲ್ಲಿ ಅಳೆದರೂ 400 ಕಿಲೋಮೀಟರಿಗೆ ಕಡಿಮೆಯಿಲ್ಲ. ನಡುವೆ ವರದೆ, ಕೃಷ್ಣೆ, ಭೀಮೆಯರನ್ನು ದಾಟಬೇಕು. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣೊಬ್ಬಳು ಉಡುಗೆಯನ್ನೂ ತೊರೆದು ಈ ದಾರಿಯನ್ನು ಸವೆಸಿದಳೆಂದರೆ ಹಸಿವು, ಚಳಿ, ಕಾಮುಕರ ಕಣ್ಣು ಇವೆಲ್ಲ ಆಕೆಯ ನಿಶ್ಚಯವನ್ನು ದಿನದಿನವೂ ಒರೆಗೆ ಹಚ್ಚಿರಲೇಬೇಕು. ಹುಸಿಯಾದ ಪ್ರೇರಣೆ ಮೂರು ದಿನದ ಹಸಿವಿಗೆ ಕರಗಿಹೋಗುತ್ತದೆ. ದಾರಿಯ ಉಪಕಾರವೆಂದರೆ ಇದೇ: ಮನಸ್ಸು ವಾದಿಸಿ ಗೆಲ್ಲುವ ಕಡೆ ಕಾಲು ವಾದಿಸದೆ ಪರೀಕ್ಷಿಸುತ್ತದೆ.

ಇಷ್ಟಾದರೂ ಪರೀಕ್ಷೆ ಮುಗಿಯಲಿಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭು ಆಕೆಯನ್ನು ಕಟುವಾಗಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿದೆಯೆಂದು ಕೇಳಿದನು. ಅಷ್ಟು ದೂರ ನಡೆದು ದಣಿದು ಬಂದವಳಿಗೆ ಇಂಥ ಪ್ರಶ್ನೆಯೆ ಎಂದು ಓದುಗರಿಗೆ ನೋವಾಗಬಹುದು. ಅಕ್ಕ ನೊಂದುಕೊಳ್ಳಲಿಲ್ಲ, ಉತ್ತರಿಸಿದಳು. ತನ್ನ ಅರಿವನ್ನು ಸಂಪೂರ್ಣ ನಂಬಿದವಳು ಅದನ್ನು ಅನುಭಾವಿಗಳ ಮುಂದಿಡಲು ಹಿಂಜರಿಯಲಿಲ್ಲ. ಆ ಬಳಿಕವೇ ಶ್ರೀಶೈಲದ ಕದಳಿಯ ಕಡೆಗೆ ಮತ್ತೆ ಹೆಜ್ಜೆ. ಮತ್ತೆ ಕೃಷ್ಣೆಯ ದಾಟು, ನಲ್ಲಮಲೆಯ ಕಾಡು.

ಗೃಹಸ್ಥರು ಅಕ್ಕನಂತೆ ಹೊರಟುಬಿಡಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಮೋಳಿಗೆಯ ಮಾರಯ್ಯನ ಕಥೆ ಇದಕ್ಕೆ ಇನ್ನೊಂದು ಮುಖ. ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನ ಕಟ್ಟಿಗೆ ಮಾರಿ ದಾಸೋಹ ನಡೆಸಿದನೆಂದು ಪರಂಪರೆ ಹೇಳುತ್ತದೆ. ಅಷ್ಟು ದೂರ ಬಂದವನಿಗೂ ಕಡೆಗೆ ಕೈಲಾಸಕ್ಕೆ ಹೋಗುವ ಹಂಬಲ ಹುಟ್ಟಿತು. ಹೋಗಬೇಕಾದ ಬೇರೊಂದು ಎಡೆಯಿಲ್ಲವೆಂದು ತಿಳಿಹೇಳಿದವಳು ಅವನ ಮಡದಿ. ಯಾವ ಹಂಬಲ ಅರಿವು, ಯಾವುದು ಮರವೆ ಎಂಬುದನ್ನು ಕಾಣುವ ಕಣ್ಣು ಕೆಲವು ಸಲ ಜೊತೆಯಲ್ಲಿ ನಡೆದವರಿಗೇ ಇರುತ್ತದೆ.

ಗೃಹಸ್ಥರಿಗೆ ಒಗ್ಗುವ ನಡಿಗೆಯೊಂದು ಇಂದಿಗೂ ಉಳಿದುಬಂದಿದೆ. ಪ್ರತಿವರ್ಷ ಯುಗಾದಿಗೆ ಮುಂಚೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳಿಂದ ಸಾವಿರಾರು ಭಕ್ತರು ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ನಡೆದುಹೋಗುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಆತ್ಮಕೂರಿನಿಂದ ಮುಂದೆ ವೆಂಕಟಾಪುರ, ನಾಗಲೂಟಿ, ಭೀಮನಕೊಳ್ಳಗಳನ್ನು ಹಾದು ಕೈಲಾಸದ್ವಾರವನ್ನು ಏರಬೇಕು. ಬೇಸಗೆಯ ಬಿಸಿಲು, ಕಾಲಲ್ಲಿ ಬೊಕ್ಕೆ. ದಾರಿಯುದ್ದಕ್ಕೂ ಹಳ್ಳಿಗರು ದಾಸೋಹವಿಟ್ಟು ಅನ್ನ, ನೀರು, ಮಜ್ಜಿಗೆ ನೀಡುತ್ತಾರೆ, ಕಾಲೊತ್ತುವವರೂ ಇದ್ದಾರೆ. ಊರಿನಲ್ಲಿ ಕೊಡುವ ಕೈಯಾಗಿದ್ದವನು ಇಲ್ಲಿ ಒಡ್ಡುವ ಕೈಯಾಗಬೇಕು. ಜಮೀನುದಾರನಾಗಲಿ ಕೂಲಿಯವನಾಗಲಿ ಒಂದೇ ಪಂಕ್ತಿ. ಹರಕೆಯ ಲೆಕ್ಕ ಹಾಕುತ್ತ ಮೊದಲ ದಿನ ಹೊರಟವನು ನಲ್ಲಮಲೆಯ ಏರಿನಲ್ಲಿ ಮುಂದಿನ ಹೆಜ್ಜೆಯೊಂದನ್ನೇ ಎಣಿಸುತ್ತಾನೆ. ಹಬ್ಬ ಕಳೆದ ಮೇಲೆ ಬಹುಮಂದಿ ಬಸ್ಸು ಹಿಡಿದು ಊರಿಗೆ ಮರಳಿ, ಮುಂಗಾರಿಗೆ ಮುನ್ನ ಹೊಲ ಹಸನುಮಾಡುವ ಕೆಲಸಕ್ಕೆ ತೊಡಗುತ್ತಾರೆ.