ಕೃಷಿಕನಿಗೂ ಬೇಕು ನಡಿಗೆ

“ತೋಟದಲ್ಲಿ ದುಡಿಯುವವನಿಗೆ ವ್ಯಾಯಾಮ ಯಾಕೆ ಮಾರಾಯ್ರೆ?” ನಾನೂ ಹೀಗೇ ಹೇಳುತ್ತಿದ್ದೆ. ಲೆಕ್ಕ ಹಾಕಿದಾಗ ಗುಟ್ಟು ತಿಳಿಯಿತು. ನೀರಾವರಿಗೆ ಗೇಟ್‌ವಾಲ್ವ್ ತಿರುಗಿಸಿದರಾಯಿತು. ಪೇಟೆಗೆ ಬೈಕು. ಉಳಿದ ಕೆಲಸಕ್ಕೆ ಜನ. ಅಪ್ಪ ಉಣ್ಣುತ್ತಿದ್ದಷ್ಟೇ ಅನ್ನ ನಾನೂ ಉಣ್ಣುತ್ತಿದ್ದೆ, ಅವರಷ್ಟು ದುಡಿಯುತ್ತಿರಲಿಲ್ಲ.

ಸೊಂಟದ ಸುತ್ತಳತೆ 102 ಸೆಂಟಿಮೀಟರ್! ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಅಪಾಯ. ರಕ್ತದ ಸಕ್ಕರೆ ಅಂಚಿನಲ್ಲಿತ್ತು. ಇದೇ ಕಾಯಿಲೆಯಿಂದ ಅಣ್ಣ ಕಾಲ್ಬೆರಳು ಕಳಕೊಂಡದ್ದು ಕಣ್ಣೆದುರಿತ್ತು.

ಮೊದಲು ಚಹಾ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ. ಅಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಈಗ ಎರಡೇ ಲೋಟ, ಸಕ್ಕರೆ ಇಲ್ಲ. ಬೆಲ್ಲ ಹಾಕಿದರೂ ಲಾಭವಿಲ್ಲ, ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ. ಅನ್ನ ಅರ್ಧ ಮಾಡಿದೆ. ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಬಸಳೆ, ತೊಂಡೆ ಪಲ್ಯ ಬಂತು.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಾನು ಬೆಳಿಗ್ಗೆ ಅರ್ಧ ಗಂಟೆ ಗುಡ್ಡೆ ಹತ್ತಿ ಇಳಿಯುತ್ತೇನೆ. ಮಾತಾಡಲಿಕ್ಕಾಗಬೇಕು, ಹಾಡಲಿಕ್ಕಾಗಬಾರದು. ಅದೇ ಸರಿಯಾದ ವೇಗ. ವಾರದಲ್ಲೆರಡು ದಿನ ಗೊಬ್ಬರದ ಬುಟ್ಟಿ ನಾನೇ ಹೊರುತ್ತೇನೆ, ಸ್ನಾಯುಗಳಿಗೂ ಕೆಲಸ ಬೇಕಲ್ಲ.

ಆಟಿಯ ಮಳೆಗೆ ನಡಿಗೆ ನಿಂತಿತು, ಎರಡು ಕಿಲೊ ಮರಳಿ ಬಂತು. ಮತ್ತೆ ಅಂಗಳದ ಚಪ್ಪರದಡಿಯಲ್ಲೇ ಸುತ್ತು ಹಾಕತೊಡಗಿದೆ.

ಹನ್ನೊಂದು ತಿಂಗಳಲ್ಲಿ 9 ಕಿಲೊ ಇಳಿದಿದ್ದೇನೆ. ಸುತ್ತಳತೆ 93. ಮೂರು ಸೆಂಟಿಮೀಟರ್ ಬಾಕಿ ಉಂಟು.

ಸಕ್ಕರೆ ಕಾಯಿಲೆಗೆ ಮದ್ದು ತಕ್ಕೊಳ್ಳುವವರು ಊಟ ಇಳಿಸುವ ಮೊದಲು ಡಾಕ್ಟರರನ್ನು ಕೇಳಿ. ಉಳಿದವರು ತೋಟದ ಲೆಕ್ಕಪುಸ್ತಕದಲ್ಲಿ ಒಂದು ಪುಟ ಸೊಂಟಕ್ಕೂ ಇಡಿ. ತಿಂಗಳಿಗೊಮ್ಮೆ ಅಳೆದು ಬರೆಯಿರಿ.