ಚಿಕಿತ್ಸೆ ಇದ್ದರೂ ಮನಸ್ಸು ಹಿಂಜರಿಯುವುದೇಕೆ?



ಆಕಳು ಒಂದು ಹೊತ್ತು ಮೇವು ಬಿಟ್ಟರೆ ತಕ್ಷಣ ಪಶುವೈದ್ಯರನ್ನು ಕರೆಯುತ್ತೇವೆ. ಅದೇ ಆಕಳನ್ನು ಹಿಂಡುವ ಕೈ ಆರು ತಿಂಗಳಿಂದ ಜೋಮು ಹಿಡಿಯುತ್ತಿದ್ದರೂ "ತಾನಾಗಿ ಹೋದೀತು" ಎನ್ನುತ್ತೇವೆ. ಹೀಗೇಕೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಪುನಶ್ಚೇತನ ಚಿಕಿತ್ಸೆ ಎಂದರೇನು?

ಗಾಯ ಮಾಯುವುದು ಬೇರೆ, ಕೈ ಕೆಲಸಕ್ಕೆ ಬರುವುದು ಬೇರೆ. ಗೋವಿನಜೋಳದ ಕಣಿಕೆ ಕತ್ತರಿಸುವಾಗ ಯಂತ್ರಕ್ಕೆ ಸಿಕ್ಕ ಬೆರಳಿನ ಹೊಲಿಗೆ ಬಿಚ್ಚಿದ ಮೇಲೂ ಬೆರಳು ಮಡಚಲು ಬಾರದಿರಬಹುದು. ಆಡಿಸದೆ ಬಿಟ್ಟ ಕೀಲು ಬಿಗಿಯುತ್ತದೆ. ವ್ಯಾಯಾಮ ಚಿಕಿತ್ಸೆ, ಆಧಾರ ಪಟ್ಟಿ, ಕೃತಕ ಅಂಗ, ಕೆಲಸವನ್ನು ಹೊಸ ರೀತಿಯಲ್ಲಿ ಮಾಡುವ ತರಬೇತಿ ಇವೆಲ್ಲ ಸೇರಿ ಪುನಶ್ಚೇತನ ಚಿಕಿತ್ಸೆ. ಕೆಚ್ಚಲು ಬಾವಿಗೆ ತಡವಾಗಿ ಔಷಧಿ ಕೊಟ್ಟರೆ ಬಾವು ಇಳಿದರೂ ಮೊಲೆ ಕೆಡಬಹುದಲ್ಲವೇ? ಇದೂ ಹಾಗೆಯೇ. ಲಕ್ವ ಹೊಡೆದವರಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿಯೇ ಹೆಚ್ಚಿನ ಸುಧಾರಣೆ ಆಗುತ್ತದೆ.

ನಿರ್ಧಾರ ಹುಟ್ಟುವ ಬಗೆ

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆ ಉಚಿತ ಎಕ್ಸ್-ರೇ ವಾಹನಗಳನ್ನು ಜನರ ಬಳಿಗೇ ಕಳಿಸಲಾಯಿತು. ಆದರೂ ಅನೇಕರು ಬರಲಿಲ್ಲ. ಹೋಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಕಾರಣ ಹುಡುಕಿದರು. ಮನುಷ್ಯ ಮನಸ್ಸಿನಲ್ಲೇ ತೂಗಿ ನೋಡುತ್ತಾನೆ: ನನಗೆ ಅಪಾಯವಿದೆಯೇ? ಅದು ಎಷ್ಟು ದೊಡ್ಡದು? ಹೋದರೆ ಲಾಭವೇನು? ಅಡ್ಡಿಗಳೇನು? ಜೊತೆಗೆ "ಹೋಗು" ಎನ್ನುವ ಒಂದು ಪ್ರೇರಣೆಯೂ ಬೇಕು. 1977ರಲ್ಲಿ ಬಂಡೂರ ಎಂಬ ವಿದ್ವಾಂಸರು "ಇದು ನನ್ನಿಂದಾಗುತ್ತದೆ" ಎಂಬ ನಂಬಿಕೆಯ ಮಹತ್ವವನ್ನು ವಿವರಿಸಿದರು.

ನಮ್ಮ ಮನೆಗಳಲ್ಲಿ ಕೇಳುವ ಮಾತುಗಳು

1. "ಇದು ರೋಗವಲ್ಲ, ದುಡಿಮೆಯ ನೋವು." ರಾತ್ರಿ ಕೈ ಜೋಮು, ಹಿಡಿದ ಬಕೆಟ್ ಜಾರುವುದು, ಸೊಂಟದಿಂದ ಕಾಲಿಗೆ ಇಳಿಯುವ ನೋವು ಇವು ತೋರಿಸಲೇಬೇಕಾದ ಲಕ್ಷಣಗಳು.

2. "ಅಂಗವಿಕಲ ಎಂಬ ಹೆಸರು ಬರುತ್ತದೆ." ಚಿಕಿತ್ಸೆಯ ಉದ್ದೇಶ ಹೆಸರಿಡುವುದಲ್ಲ, ಮತ್ತೆ ದುಡಿಯುವಂತೆ ಮಾಡುವುದು. ಈ ಸಂಕೋಚ ಹೆಣ್ಣುಮಕ್ಕಳಲ್ಲಿ ಹೆಚ್ಚು. ಮನೆಯವರೇ ಮುಂದಾಗಿ ಕರೆದೊಯ್ಯಬೇಕು.

3. "ಕೆಲಸ ಹೋದೀತು." ಇದು ಸಂಘದ ನೌಕರರ ಅಂಜಿಕೆ. 40 ಲೀಟರ್ ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ. ಅದನ್ನು ದಿನಾಲೂ ಎತ್ತುವವನು ಸೊಂಟ ನೋವನ್ನು ಮುಚ್ಚಿಟ್ಟರೆ ಕೊನೆಗೆ ಕೆಲಸವೇ ಸಾಗದು. ಸೇವೆಯಲ್ಲಿದ್ದಾಗ ಅಂಗವಿಕಲನಾದ ನೌಕರನನ್ನು ಸರ್ಕಾರಿ ಸಂಸ್ಥೆಗಳು ತೆಗೆಯಬಾರದೆಂದು 2016ರ ಕಾಯ್ದೆ ಹೇಳುತ್ತದೆ. ನಮ್ಮ ಆಡಳಿತ ಮಂಡಳಿಗಳೂ ಅದೇ ಧೋರಣೆ ತಾಳಿ, "ಚಿಕಿತ್ಸೆ ಮುಗಿಸಿ ಬಾ, ನಿನ್ನ ಕೆಲಸ ಇದೆ" ಎಂದು ಮೊದಲೇ ತಿಳಿಸಿದರೆ ಅರ್ಧ ಅಂಜಿಕೆ ಹೋಗುತ್ತದೆ.

4. "ದನ ನೋಡುವವರಾರು?" ಇದು ನಿಜವಾದ ಅಡ್ಡಿ. ಹಿಂಡುವ ಕೈ ಬದಲಾದರೆ ಆಕಳು ಕೆಲವು ದಿನ ಪೂರ್ತಿ ಹಾಲು ಇಳಿಸದಿರಬಹುದು. ಆದ್ದರಿಂದ ಮನೆಯ ಇನ್ನೊಬ್ಬರು ವಾರಕ್ಕೆ ಎರಡು ಸಲವಾದರೂ ಹಿಂಡುವ ರೂಢಿ ಈಗಲೇ ಇರಲಿ.

5. "ನನ್ನಿಂದಾಗದು." ಗುಣ ಹೊಂದಿ ಮತ್ತೆ ಹಾಲು ಹಿಂಡುತ್ತಿರುವವರ ಒಂದು ಮಾತು ನಮ್ಮ ಹತ್ತು ಭಾಷಣಗಳಿಗಿಂತ ಮೇಲು. ಅಂಥವರನ್ನು ಸಂಘದ ಸಭೆಯಲ್ಲಿ ಮಾತನಾಡಿಸಿರಿ.

ಎಲ್ಲಿಗೆ ಹೋಗಬೇಕು?

ಹಂಸಭಾವಿ ಭಾಗದವರು ಮೊದಲು ಹಿರೇಕೆರೂರಿನ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಅಲ್ಲಿಂದ ಚೀಟಿ ಪಡೆದು ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಸಾಧನ ಸಲಕರಣೆ ಮತ್ತು ಗುರುತಿನ ಚೀಟಿಯ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. 2003ರಲ್ಲಿ ಜಾರಿಗೆ ಬಂದು 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆ 2022ರಲ್ಲಿ ಮತ್ತೆ ಆರಂಭವಾಗಿದೆ. ನಿಮ್ಮ ತೊಂದರೆಗೆ ಅದು ಅನ್ವಯಿಸುತ್ತದೆಯೇ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿರಿ.

ಬಾಂಧವರೇ, ಕೊಟ್ಟಿಗೆಯ ಆಸ್ತಿ ಆಕಳಷ್ಟೇ ಅಲ್ಲ, ಅದನ್ನು ಸಾಕುವ ಕೈಯೂ ಹೌದು. ನೋವು ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಈ ವಾರವೇ ಹೋಗಿ ತೋರಿಸಿರಿ.